ನಡೆಯುವ ನೆಲ, ಕದಲದ ಗುತ್ಯಮ್ಮ

ನನ್ನ ಬರೆಯುವ ಮೇಜು ಅಲುಗಾಡುತ್ತದೆ. ಬಲಗೈ ಊರಿದರೆ ಎಡಗಡೆಯ ಹಿಂದಿನ ಕಾಲು ನೆಲ ಬಿಟ್ಟು ಏಳುತ್ತದೆ, ಕೈ ತೆಗೆದರೆ ಟಕ್ಕೆಂದು ಕೂರುತ್ತದೆ. ಒಂದು ವಾಕ್ಯಕ್ಕೆ ಒಂದು ಟಕ್, ಸಂಸ್ಕೃತ ಪದಗಳು ಹೆಚ್ಚಾದರೆ ಎರಡು. ಕಾಲಿನ ಅಡಿಗೆ ಮಡಿಸಿದ ರಟ್ಟು ಕೊಟ್ಟು ನೋಡಿದೆ. ಮಳೆಗಾಲಕ್ಕೆ ಸರಿಹೋದ ರಟ್ಟು ಬೇಸಿಗೆಗೆ ದಪ್ಪವಾಯಿತು. ಬಡಗಿಯನ್ನು ಕರೆಸಿದೆ. ಅವನು ಮೇಜನ್ನು ಬೆನ್ನ ಮೇಲೆ ಮಲಗಿಸಿ, ನಾಲ್ಕು ಕಾಲುಗಳನ್ನೂ ಅಳೆದು, ‘ಮೇಜು ಸರಿ ಇದೆ ಸ್ವಾಮಿ, ನಿಮ್ಮ ನೆಲ ಸರಿ ಇಲ್ಲ’ ಎಂದ. ಗಾರೆಯವನನ್ನು ಕರೆಸಿದೆ. ಅವನು ನೆಲದ ಮೇಲೆ ಮಟ್ಟಗೋಲು ಇಟ್ಟು, ಅದರ ನೀರಿನ ಗುಳ್ಳೆಯನ್ನು ಒಂದು ಕಣ್ಣು ಮುಚ್ಚಿ ನೋಡಿ, ‘ನೆಲ ತಟ್ಟೆಯಿದ್ದ ಹಾಗಿದೆ, ಮೇಜೇ ಡೊಂಕು’ ಎಂದ. ಇಬ್ಬರೂ ನಮ್ಮ ಮನೆಯ ಕಾಫಿ ಕುಡಿದು ತಮ್ಮ ತಮ್ಮ ತೀರ್ಮಾನದಲ್ಲಿ ಅಚಲರಾಗಿ ಹೊರಟುಹೋದರು. ಮೂರನೆಯ ತೀರ್ಪು ನನ್ನ ಹೆಂಡತಿಯದು: ‘ಅದನ್ನ ಆಚೆ ಕೋಣೆಗೆ ಸಾಗಿಸಿ, ಅಲ್ಲಿ ನೆಲ ಸಮ ಇದೆ. ಅಷ್ಟಕ್ಕೂ ಮೇಜಿಗೆ ಯಾವ ಜಾಗ ಆದರೇನು?’

ಈ ಕೊನೆಯ ಮಾತು ನನ್ನನ್ನು ಚುಚ್ಚಿತು. ಕದಲುತ್ತಿರುವುದು ಮೇಲಿನದೋ ಕೆಳಗಿನದೋ ಎಂಬ ಜಗಳ ನನಗೆ ಹೊಸದಲ್ಲ. ನನ್ನ ಯೌವನವೇ ಅದರಲ್ಲಿ ಕಳೆದಿದೆ. ಆ ಕಥೆಯನ್ನು ಹೇಳುತ್ತೇನೆ. ಆದರೆ ಓದುಗ ಮಿತ್ರರೇ, ಇದನ್ನು ನೆನಪಿನಿಂದ ಹೇಳುತ್ತಿದ್ದೇನೆ, ಆದ್ದರಿಂದ ಎಚ್ಚರವಾಗಿರಿ. ನೆನಪು ಎನ್ನುವುದು ಒಳ್ಳೆಯ ಅಡುಗೆಯವನಂತೆ. ಹಳಸಿದ್ದಕ್ಕೂ ಒಗ್ಗರಣೆ ಕೊಟ್ಟು ಬಡಿಸುತ್ತದೆ. ಎಲ್ಲಿಯಾದರೂ ನನ್ನ ಕಥೆ ತೀರ ಅಂದವಾಗಿ ಕೂತಿತೆಂದು ಕಂಡರೆ, ಅಲ್ಲಿ ಅಡಿಯಲ್ಲಿ ಒಂದು ರಟ್ಟು ಇದೆಯೆಂದು ತಿಳಿಯಿರಿ.

ಅರವತ್ತರ ದಶಕ ಶುರುವಾಗುವ ಹೊತ್ತಿಗೆ ನಾನು ಭೂಗೋಳದ ಮಾಸ್ತರನಾಗಿ ಸಾಗರ ಸೀಮೆಯ ಕಬ್ಬಿನಸರ ಎಂಬ ಊರಿಗೆ ಬಂದೆ. ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ, ತುಂಗೆಯ ದಡದಲ್ಲಿ. ಕಬ್ಬಿನಸರ ಇದ್ದದ್ದು ಶರಾವತಿಯ ದಡದಲ್ಲಿ. ನಾನು ಜೊತೆಯಲ್ಲಿ ತಂದದ್ದು ಒಂದು ಟ್ರಂಕು, ಒಂದು ಕಂಬಳಿ ಮತ್ತು ಒಂದು ಹಟ. ಹಟ ಬಂದದ್ದು ಕಾಲೇಜಿನಿಂದ. ಅಲ್ಲಿ ನಮ್ಮ ಅಧ್ಯಾಪಕರೊಬ್ಬರು ಒಂದು ದಿನ, ಖಂಡಗಳೆಲ್ಲ ಒಂದು ಕಾಲಕ್ಕೆ ಒಂದೇ ಆಗಿದ್ದು ಆಮೇಲೆ ಚದುರಿ ತೇಲಿಹೋದವೆಂದು ಜರ್ಮನಿಯ ಯಾರೋ ಹವಾಮಾನದ ಪಂಡಿತ ಹೇಳಿದ್ದನೆಂದು ತಿಳಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ತರಗತಿಯೂ ನಕ್ಕಿತು. ಹಾಗೆ ಎಲ್ಲರೂ ನಕ್ಕದ್ದರಿಂದಲೇ ನಾನು ಆ ಮಾತನ್ನು ನಂಬಿದೆ. ಪುರಾವೆ ಆಮೇಲೆ ಹುಡುಕಿದೆ. ವಿಜ್ಞಾನಕ್ಕೆ ಇದು ತಕ್ಕ ಕ್ರಮವಲ್ಲ, ಗೊತ್ತು. ಆದರೆ ಇಪ್ಪತ್ತರ ಹರೆಯಕ್ಕೆ ಅದಕ್ಕಿಂತ ತಕ್ಕ ಕ್ರಮ ಇನ್ನೊಂದಿಲ್ಲ.

ಪುರಾವೆಗೇನು ಕೊರತೆಯಿರಲಿಲ್ಲ. ಆಫ್ರಿಕದ ಪಡುವಣ ಅಂಚನ್ನೂ ದಕ್ಷಿಣ ಅಮೆರಿಕದ ಮೂಡಣ ಅಂಚನ್ನೂ ಪಕ್ಕದಲ್ಲಿಟ್ಟರೆ ಒಂದೇ ರೊಟ್ಟಿಯ ಎರಡು ಚೂರುಗಳಂತೆ ಕೂರುತ್ತವೆ. ಕಡಲು ಈಜಲಾಗದ ಪ್ರಾಣಿಗಳ ಎಲುಬು ಎರಡೂ ದಡದ ಕಲ್ಲುಗಳಲ್ಲಿ ಸಿಗುತ್ತದೆ. ನಮ್ಮ ಈ ದೇಶದ ನೆಲವೂ ಒಮ್ಮೆ ಭೂಮಧ್ಯರೇಖೆಯ ಆಚೆ, ತೆಂಕಣ ತುದಿಯ ಹತ್ತಿರ, ಆಫ್ರಿಕ, ಮಡಗಾಸ್ಕರ್, ಆಸ್ಟ್ರೇಲಿಯಗಳ ಜೊತೆ ಭುಜಕ್ಕೆ ಭುಜ ತಾಗಿಸಿಕೊಂಡು ಮಂಜಿನ ಅಡಿ ಮಲಗಿತ್ತು. ಅಲ್ಲಿಂದ ಬಿಡಿಸಿಕೊಂಡು ಉತ್ತರಕ್ಕೆ ನಡೆದು ಏಷ್ಯಕ್ಕೆ ತಲೆ ಗುದ್ದಿತು. ಗುದ್ದಿದ ಕಡೆ ಎದ್ದ ಬೋರೆಯೇ ಹಿಮಾಲಯ. ಇನ್ನೂ ಗುದ್ದುತ್ತಲೇ ಇದೆ, ಬೋರೆ ಇನ್ನೂ ಏಳುತ್ತಲೇ ಇದೆ. ವೇಗ ಎಷ್ಟೆಂದರೆ, ನಮ್ಮ ಕೈಯುಗುರು ಬೆಳೆಯುವಷ್ಟು.

ತೀರ್ಥಹಳ್ಳಿಯವನಿಗೆ ಇನ್ನೂ ಒಂದು ಸಾಕ್ಷಿ ಮನೆಯ ಹಿತ್ತಿಲಲ್ಲೇ ಹರಿಯುತ್ತಿತ್ತು. ತುಂಗೆ ಹುಟ್ಟುವ ಜಾಗದಿಂದ ಪಡುವಣ ಕಡಲು ಕೂಗಳತೆಯಲ್ಲಿದೆ ಎನ್ನಬಹುದು. ಆದರೂ ಆಕೆ ಕಡಲಿಗೆ ಬೆನ್ನು ತಿರುಗಿಸಿ ಇಡೀ ದೇಶವನ್ನು ಅಡ್ಡ ದಾಟುವ ಮೂಡಣ ದಾರಿ ಹಿಡಿಯುತ್ತಾಳೆ. ಯಾಕೆ? ಮಡಗಾಸ್ಕರ್ ನಮ್ಮಿಂದ ಹರಿದುಕೊಂಡು ಹೋದಾಗ ಹರಿದ ಅಂಚು ಎತ್ತರಕ್ಕೆದ್ದು ನೆಲ ಮೂಡಣಕ್ಕೆ ವಾಲಿತು, ಆ ಅಂಚೇ ಘಟ್ಟ ಎಂದು ಈಗ ತಿಳಿದವರು ಹೇಳುತ್ತಾರೆ. ಶರಾವತಿ ಮಾತ್ರ ಆ ಅಂಚನ್ನು ಲೆಕ್ಕಿಸದೆ ಪಡುವಣಕ್ಕೆ ತಿರುಗಿ ಒಮ್ಮೆಲೇ ಧುಮುಕಿಬಿಡುತ್ತಾಳೆ. ನಾನು ಆ ನದಿಯಿಂದ ಈ ನದಿಗೆ ಬಂದವನು. ವಿನಯ ಎಲ್ಲಿಂದ ಕಲಿಯಲಿ?

ಶಾಲೆಯಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಖಂಡಗಳನ್ನು ಬರೆದು, ಕತ್ತರಿಸಿ, ಜೋಡಿಸಿ ತೋರಿಸಿದೆ. ಮಕ್ಕಳಿಗೆ ಖುಷಿಯಾಯಿತು. ಹೆಡ್ ಮಾಸ್ತರಿಗೆ ಆಗಲಿಲ್ಲ. ಅವರು ಬಾಗಿಲಲ್ಲಿ ನಿಂತು ಕೇಳಿದರು:

‘ಇದು ಪುಸ್ತಕದಲ್ಲಿದೆಯೇನ್ರೀ?’

‘ಇಲ್ಲ ಸಾರ್.’

‘ಪರೀಕ್ಷೆಗೆ ಬರ್ತದಾ?’

‘ಇಲ್ಲ ಸಾರ್.’

‘ಹಾಗಾದ್ರೆ ಪರೀಕ್ಷೆ ಮುಗಿಯೋ ತನಕ ಖಂಡಗಳು ಇದ್ದಲ್ಲೇ ಇರ್ಲಿ. ರಜಾದಲ್ಲಿ ಎಲ್ಲಿಗೆ ಬೇಕಾದ್ರೂ ಹೋಗ್ಲಿ.’

ನಾನು ಬಿಡಲಿಲ್ಲ. ಶಾಲೆಯೊಳಗೆ ಖಂಡಗಳು ನಿಲ್ಲಬೇಕಾದರೆ ನಾನೇ ಶಾಲೆಯ ಹೊರಗೆ ಹೋಗುತ್ತೇನೆ ಎಂದುಕೊಂಡು, ಚಳಿಗಾಲದಲ್ಲಿ ಕಬ್ಬು ಅರೆಯುವ ದಿನ ಬಂದಾಗ ಮಕ್ಕಳನ್ನು ಈರಪ್ಪನ ಆಲೆಮನೆಗೆ ಕರೆದುಕೊಂಡು ಹೋದೆ. ಈರಪ್ಪ ನನ್ನ ವಯಸ್ಸಿನವನು, ಗೇಣಿಗೆ ಗದ್ದೆ ಮಾಡುತ್ತಿದ್ದವನು, ಕಡಿಮೆ ಮಾತಿನವನು. ಅವನ ಪಾಲಿನ ಮಾತನ್ನೂ ಅವನ ತಾಯಿ ಗುತ್ಯಮ್ಮ ಆಡುತ್ತಿದ್ದಳು. ಕೊಪ್ಪರಿಗೆಯ ಪಕ್ಕದಲ್ಲಿ ಕೂತಿದ್ದ ಆಕೆ ನನ್ನನ್ನು ಕಂಡದ್ದೇ ತಡ,

‘ಪಾಠ ಮಾಡಕ್ ಬಂದ್ರಾ ಮಾಸ್ತ್ರೇ, ಬೆಲ್ಲ ನೆಕ್ಕಕ್ ಬಂದ್ರಾ?’ ಎಂದಳು.

‘ಎರಡಕ್ಕೂ.’

‘ಹಂಗಾರೆ ಮೊದ್ಲು ನೆಕ್ಕಿ. ಬಾಯಿ ಅಂಟ್ಕಂಡ್ರೆ ಪಾಠ ಕಮ್ಮಿ ಆಗ್ತದೆ. ಮಕ್ಳು ಬದುಕ್ಕಂತವೆ.’

ಬಾಯಿ ಅಂಟುವ ಮೊದಲೇ ನಾನು ಪಾಠ ಶುರು ಮಾಡಿದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವುದನ್ನು ನೀವು ನೋಡಿರಬಹುದು. ಬೆಂಕಿ ಜೋರಾಗಿರುವ ನಡುಭಾಗದಲ್ಲಿ ಹಾಲು ಉಕ್ಕಿ ಮೇಲೆ ಬರುತ್ತದೆ, ಬಂದದ್ದು ಸುತ್ತಲೂ ಹರಡುತ್ತದೆ, ಅಂಚಿನಲ್ಲಿ ತಣಿದು ಮತ್ತೆ ಕೆಳಕ್ಕಿಳಿಯುತ್ತದೆ. ಮೇಲೆ ಕಟ್ಟಿದ ಕೊಳೆನೊರೆ ಹಾಲಿನ ಜೊತೆ ಇಳಿಯಲಾರದೆ, ನಡುವಿನಿಂದ ಬಿರಿದು, ಅಂಚಿಗೆ ತೇಲಿ, ಅಲ್ಲಿ ಮಡಿಕೆ ಮಡಿಕೆಯಾಗಿ ಒಟ್ಟುತ್ತದೆ. ‘ನೊರೆ ಖಂಡ, ಮಡಿಕೆ ಬೆಟ್ಟ’ ಎಂದೆ. ‘ಭೂಮಿಯ ಒಳಗಿನ ಬೆಂಕಿ ಇನ್ನೂ ಆರಿಲ್ಲ. ಇಗೋ, ಈ ನೊರೆ ಆಫ್ರಿಕ, ಆ ನೊರೆ ಅಮೆರಿಕ, ನೋಡಿ ಹೇಗೆ ದೂರ ಹೋಗ್ತಿವೆ!’ ಅಷ್ಟರಲ್ಲಿ ಈರಪ್ಪ ತನ್ನ ಕೆಲಸ ತಾನು ಮಾಡುವವನಾಗಿ ತೂತಿನ ಸಟ್ಟುಗದಲ್ಲಿ ಅಮೆರಿಕವನ್ನು ಬಾಚಿ ತೆಗೆದ.

‘ಅಮೇರಿಕನ ಎಮ್ಮಿಗೆ ಹಾಕು’ ಎಂದಳು ಗುತ್ಯಮ್ಮ. ‘ಆಫ್ರಿಕನೂ ತೆಗಿ. ಬೆಲ್ಲ ಕಪ್ಪಾಗ್ತದೆ.’

ಈಗ ಯೋಚಿಸಿದರೆ ನನ್ನ ಪಾಠದಲ್ಲಿ ಕೊರತೆಗಳಿದ್ದವು. ಭೂಮಿಯ ಒಳಗಿರುವುದು ಹಾಲಿನಂಥ ದ್ರವವಲ್ಲ, ಕಲ್ಲೇ. ಆದರೆ ಕಾದ ಕಲ್ಲು. ಅದಕ್ಕೆ ಹೋಲಿಕೆ ಬೇಕಾದರೆ ಕೊಪ್ಪರಿಗೆಯನ್ನಲ್ಲ, ಅಟ್ಟದ ಮೇಲೆ ಇಟ್ಟ ಬೆಲ್ಲದ ಉಂಡೆಯನ್ನು ನೋಡಬೇಕು. ಸುತ್ತಿಗೆಯಲ್ಲಿ ಹೊಡೆದರೆ ಚೂರಾಗುವ ಅದೇ ಉಂಡೆ, ಒಂದು ಮಳೆಗಾಲ ಹಾಗೇ ಬಿಟ್ಟರೆ ಯಾರ ಕಣ್ಣಿಗೂ ಬೀಳದಂತೆ ಕುಸಿದು, ಹಲಗೆಯ ಮೇಲೆ ಹರಡಿ ಕೂತಿರುತ್ತದೆ. ಅವಸರಕ್ಕೆ ಕಲ್ಲು, ಸಾವಕಾಶಕ್ಕೆ ಪಾಕ. ಇನ್ನೊಂದು: ನಡುವಿನ ಉಕ್ಕು ತಳ್ಳುವುದಕ್ಕಿಂತ ಅಂಚಿನ ಇಳಿತ ಎಳೆಯುವುದೇ ಹೆಚ್ಚಂತೆ. ಕಡಲತಳದ ನಡುವೆ ಉದ್ದಕ್ಕೆ ಬಿರುಕು, ಆ ಬಿರುಕಿನಲ್ಲಿ ಹೊಸ ಕಲ್ಲು ಹುಟ್ಟುತ್ತದೆ, ಹುಟ್ಟಿದ್ದು ಎರಡೂ ಕಡೆಗೆ ಸರಿಯುತ್ತದೆ, ಸರಿಯುತ್ತ ತಣ್ಣಗಾಗಿ ಭಾರವಾಗಿ ಕೊನೆಗೆ ಆಳದ ಕಂದಕದಲ್ಲಿ ಒಳಕ್ಕೆ ಬಾಗುತ್ತದೆ. ಬಾಗಿದ ತುದಿ ಉಳಿದದ್ದನ್ನೆಲ್ಲ ಎಳೆದುಕೊಳ್ಳುತ್ತದೆ. ಮಂಚದಿಂದ ಕಂಬಳಿ ಜಾರುವುದು ಹಾಗೆಯೇ ಅಲ್ಲವೆ? ಕಂಬಳಿಯನ್ನು ಯಾರೂ ದಬ್ಬುವುದಿಲ್ಲ. ಜೋತುಬಿದ್ದ ಅಂಚೇ ಮಲಗಿದವನ ಮೇಲಿನದನ್ನೂ ಕಿತ್ತುಕೊಂಡು ಹೋಗುತ್ತದೆ. ಕಡಲತಳದ ಈ ಸುದ್ದಿ ಹೊರಬಿದ್ದದ್ದು ಅದೇ ಅರವತ್ತರ ದಶಕದಲ್ಲಿ. ನಕ್ಕವರೆಲ್ಲ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ನಮ್ಮ ಅಧ್ಯಾಪಕರು ನಿಲ್ಲಿಸಿದರೋ ಇಲ್ಲವೋ ತಿಳಿಯದು. ನಿಲ್ಲಿಸಿರಲಿಕ್ಕಿಲ್ಲ.

ಆದರೆ ಖಂಡಗಳು ಕದಲುತ್ತವೆಂದು ಜಗತ್ತು ಒಪ್ಪುತ್ತಿದ್ದ ಆ ವರ್ಷಗಳಲ್ಲೇ ಶರಾವತಿಯ ಊರುಗಳೂ ಕದಲಬೇಕಾಗಿ ಬಂತು. ಲಿಂಗನಮಕ್ಕಿಯಲ್ಲಿ ಅಣೆಕಟ್ಟೆ ಏಳುತ್ತಿತ್ತು. ಕಬ್ಬಿನಸರಕ್ಕೆ ನೀರು ಬರುವುದು ಖಚಿತವಾಗಿತ್ತು. ಹೊಸನಗರದ ಕಡೆ ಜಂಬಿಟ್ಟಿಗೆಯ ಬರಡು ಕೆಂಗಲ್ಲಿನ ಗುಡ್ಡವೊಂದರಲ್ಲಿ ಈರಪ್ಪನಿಗೆ ಜಾಗ ತೋರಿಸಿದ್ದರು. ಜೀಪಿನಲ್ಲಿ ಬಂದವರೊಬ್ಬರು ಶಾಲೆಯ ಜಗಲಿಯ ಮೇಲೆ ನಿಂತು ಊರವರಿಗೆ ಸಮಾಧಾನ ಹೇಳಿದರು: ‘ಜಗತ್ತಿನಲ್ಲಿ ಸ್ಥಿರ ಅಂತ ಯಾವುದಿದೆ ಹೇಳಿ? ಎಲ್ಲವೂ ಬದಲಾಗ್ತಾ ಇರ್ತದೆ.’ ನಾನು ಹಿಂದೆ ನಿಂತು ತಲೆಯಾಡಿಸಿದೆ. ನನ್ನ ಪಕ್ಷಕ್ಕೆ ಕೊನೆಗೂ ಒಬ್ಬ ಸಿಕ್ಕಿದನಲ್ಲ ಎಂದು ಒಳಗೊಳಗೇ ಹಿಗ್ಗಿದೆನೋ ಏನೋ. ಆ ಹಿಗ್ಗನ್ನು ನೆನಪು ಈಗ ಅಳಿಸಿಹಾಕಲು ನೋಡುತ್ತದೆ, ನಾನು ಬಿಡುವುದಿಲ್ಲ.

ಊರು ಒಂದೊಂದೇ ಮನೆಯಾಗಿ ಖಾಲಿಯಾಯಿತು. ಮಾಡು ಬಿಚ್ಚಿದರು, ಬಾಗಿಲು ಕಳಚಿದರು. ಗುತ್ಯಮ್ಮ ಮಾತ್ರ ಹೊರಡುವುದಿಲ್ಲವೆಂದು ಕೂತಳು. ಕಾರಣ, ಚೌಡಿ.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಗದ್ದೆಯಂಚಿಗೆ, ಮರದ ಬುಡಕ್ಕೆ, ಒಂದು ಕಲ್ಲಿನಲ್ಲಿ ಚೌಡಿ ಇರುತ್ತಾಳೆ. ಅವಳಿಗೆ ಗುಡಿಯಿಲ್ಲ, ಮಾಡು ಹಾಕಿದರೆ ಒಪ್ಪುವುದಿಲ್ಲ. ವರ್ಷಕ್ಕೊಮ್ಮೆ ಕೋಳಿ, ಎಡೆ, ಕುಂಕುಮ. ಮುಖ್ಯವಾದ ಕಟ್ಟು, ಅಂದರೆ ಕಟ್ಟಳೆ, ಏನೆಂದರೆ, ಚೌಡಿ ಮನೆತನದ ಸೊತ್ತಲ್ಲ, ಜಾಗದವಳು. ಹೊಸ ಜಾಗಕ್ಕೆ ಹೋದವರು ಆ ಜಾಗದ ಚೌಡಿಗೆ ನಡೆದುಕೊಳ್ಳಬೇಕೇ ಹೊರತು ತಮ್ಮವಳನ್ನು ಹೊತ್ತುಕೊಂಡು ಹೋಗುವ ಹಾಗಿಲ್ಲ. ಗುತ್ಯಮ್ಮನ ಚೌಡಿ ಮತ್ತಿಮರದ ಅಡಿಯ, ಹಲಸಿನಕಾಯಿ ಗಾತ್ರದ ಕರಿಗಲ್ಲು. ಮದುವೆಯಾಗಿ ಬಂದ ದಿನ ಮೊದಲು ಅವಳಿಗೆ ಕೈ ಮುಗಿದು ಆಮೇಲೆ ಹೊಸ್ತಿಲು ದಾಟಿದವಳು ಆಕೆ. ಗಂಡ ಸತ್ತ ಮೇಲೆ, ಸಣ್ಣ ಮಗನನ್ನು ಕಟ್ಟಿಕೊಂಡು ಒಬ್ಬಳೇ ಗದ್ದೆ ಮಾಡಿದ ವರ್ಷಗಳಲ್ಲಿ, ಆಕೆ ಬೈಯುವುದಕ್ಕೂ ಅಳುವುದಕ್ಕೂ ಇದ್ದದ್ದು ಆ ಕಲ್ಲೊಂದೇ.

‘ಅವ್ಳನ್ನ ನೀರಿಗ್ ಬಿಟ್ಟು ನಾ ಬರದಿಲ್ಲ’ ಎಂದುಬಿಟ್ಟಳು. ನೀರು ಆಗಲೇ ಕೆಳಗಿನ ಗದ್ದೆಗಳಿಗೆ ಏರಿತ್ತು.

ಈರಪ್ಪ ನನ್ನ ಬಿಡಾರಕ್ಕೆ ಬಂದ. ‘ಮಾಸ್ತ್ರೇ, ನೀವು ಆಲೆಮನೆಲಿ ಹೇಳಿದ್ರಲ, ಭೂಮಿನೇ ನಡೀತದೆ ಅಂತ. ಅದನ್ನ ಅವ್ವಂಗೆ ಒಂಚೂರು ಹೇಳಿ. ಯಾವ್ದೂ ಇದ್ದಲ್ಲೇ ಇರದಿಲ್ಲ ಅಂದ್ರೆ ಎದ್ರೂ ಎದ್ಲು.’

ನನ್ನ ವಿದ್ಯೆಗೆ ಮೊದಲ ಬಾರಿಗೆ ಬೇಡಿಕೆ ಬಂದಿತ್ತು. ಹೋದೆ. ಅಂಗಳದಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದ ಗುತ್ಯಮ್ಮನ ಎದುರು ಕೂತು ಹೇಳಿದೆ: ಈ ನೆಲ ಇಲ್ಲಿ ಹುಟ್ಟಿದ್ದಲ್ಲ. ಬಹಳ ದೂರದ ತೆಂಕಣ ಕಡಲಿಂದ ನಡೆದು ಬಂದದ್ದು. ಈಗಲೂ ನಡೆಯುತ್ತಿದೆ. ನಿಮ್ಮ ಚೌಡಿಯೂ ಅದರ ಜೊತೆ ಅಷ್ಟು ದೂರ ಬಂದವಳು. ಅಷ್ಟು ದಾರಿ ನಡೆದವಳಿಗೆ ಹೊಸನಗರ ಯಾವ ಮಹಾ ದೂರ?

ಆಕೆ ಪೂರ್ತಿ ಕೇಳಿದಳು. ಆಮೇಲೆ ಕೇಳಿದಳು.

‘ಅಷ್ಟು ದೂರದಿಂದ ಬಂತಾ?’

‘ಬಂತು.’

‘ಅವ್ಳು ಅದ್ರ ಮೇಲೇ ಕುಂತು ಬಂದ್ಲಾ?’

‘ಹೌದು, ಮೇಲೇ ಕೂತು.’

‘ಮಧ್ಯ ಎಲ್ಲೂ ಇಳಿದು ಲಾರಿ ಹತ್ಲಿಲ್ಲಲ?’

ಆಕೆ ಬಾಯೊಳಗಿನ ಎಲೆಯಡಿಕೆಯನ್ನು ಅಂಗಳದಂಚಿಗೆ ಉಗಿದಳು.

‘ನೆಲ ನಡಿಯದು ಬೇರೆ ಮಾಸ್ತ್ರೇ, ನೆಲ ಬಿಟ್ಟು ನಡಿಯದು ಬೇರೆ. ಇಷ್ಟೂ ಗೊತ್ತಾಗದಿಲ್ಲಂದ್ರೆ ಮಕ್ಕಳಿಗೆ ಎಂತ ಹೇಳಿಕೊಡ್ತೀರಿ?’

ಈ ಸಂಭಾಷಣೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಹೇಳಿದ ಹಾಗೆಲ್ಲ ಅದು ನುಣುಪಾಗಿದೆ, ಗುತ್ಯಮ್ಮ ಜ್ಞಾನಿಯಾಗುತ್ತ ಹೋಗಿದ್ದಾಳೆ. ಹಾಗಿರಲಿಲ್ಲ. ಆಕೆ ಜಗಳಗಂಟಿ, ಆ ದಿನ ನನ್ನ ಸಂಬಳದ ಬಗ್ಗೆ, ನನ್ನ ಇನ್ನೂ ಆಗದ ಮದುವೆಯ ಬಗ್ಗೆ ಇಲ್ಲಿ ಬರೆಯಲಾಗದ ಒಂದೆರಡು ಮಾತುಗಳನ್ನೂ ಆಡಿದಳು. ಆದರೆ ಮೇಲಿನ ಮಾತು ಆಡಿದ್ದು ನಿಜ. ಅದರ ಅಡಿಯಲ್ಲಿ ರಟ್ಟಿಲ್ಲ.

ಅಂದಿನಿಂದ ನನಗೊಂದು ಸಿಟ್ಟು ಉಳಿದಿದೆ, ಅದನ್ನು ಇಲ್ಲಿ ಹೇಳಿಯೇ ಮುಂದೆ ಹೋಗುತ್ತೇನೆ. ಕೋಟಿ ವರ್ಷಗಳ ಸಾವಕಾಶವನ್ನು ತಂದು ಒಂದು ಬೇಸಿಗೆಯ ಅವಸರಕ್ಕೆ ಹೊದಿಸುವವರನ್ನು ನಾನು ನಂಬುವುದಿಲ್ಲ. ಬೆಟ್ಟ ಕರಗುತ್ತದೆ, ಖಂಡ ಸರಿಯುತ್ತದೆ, ನಿಜ. ಆದರೆ ಬೆಟ್ಟವನ್ನು ಯಾರೂ ‘ನಾಡಿದ್ದರೊಳಗೆ ಕರಗಿ ಮುಗಿಸು’ ಎಂದು ಜೀಪಿನಲ್ಲಿ ಬಂದು ಹೇಳುವುದಿಲ್ಲ. ಖಂಡ ಹೊರಟಾಗ ತನ್ನ ಮರ, ಮಣ್ಣು, ಎಲುಬು, ದೇವರು ಎಲ್ಲವನ್ನೂ ಹೊತ್ತುಕೊಂಡೇ ಹೊರಡುತ್ತದೆ. ಒಂದು ಬೆಣಚುಕಲ್ಲನ್ನೂ ಹಿಂದೆ ಬಿಡುವುದಿಲ್ಲ. ಅದು ಪ್ರಯಾಣ. ಕಬ್ಬಿನಸರದವರಿಗೆ ಆದದ್ದು ಬೇರೆ. ಎರಡಕ್ಕೂ ಒಂದೇ ಕ್ರಿಯಾಪದ ಹಚ್ಚುವ ವಿದ್ಯಾವಂತಿಕೆಗೆ, ನನ್ನದನ್ನೂ ಸೇರಿಸಿ, ನನ್ನ ಧಿಕ್ಕಾರ.

‘ಮಾತಲ್ಲಿ ಆಗದಿಲ್ಲ, ಕಲ್ಲು ಕಿತ್ತು ಲಾರಿಗೆ ಹಾಕದೇ’ ಎಂದ ಈರಪ್ಪ. ಕಟ್ಟು ಮುರಿಯುವ ಮಾತು ಅದು. ಊರಿನಲ್ಲಿ ಯಾರೂ ಮಾಡದ ಕೆಲಸ. ಆದರೆ ಊರೇ ಹೋಗುವಾಗ ಕಟ್ಟು ಯಾರದು? ಬೆಳಿಗ್ಗೆ ಕೋಳಿ ಕೊಯ್ದು, ಚೌಡಿಯ ಅಪ್ಪಣೆ ಕೇಳಿ, ಗುದ್ದಲಿ ಹಾರೆ ಹಿಡಿದು ಮತ್ತಿಮರದ ಬುಡಕ್ಕೆ ಹೋದ. ನಾನೂ ಹೋದೆ. ಗುತ್ಯಮ್ಮ ಬೇಡವೆನ್ನಲಿಲ್ಲ. ‘ಕೀಳು, ನೋಡನ’ ಎಂದು ಸ್ವಲ್ಪ ದೂರದಲ್ಲಿ ಕಾಲು ಚಾಚಿ ಕೂತಳು.

ಸುತ್ತಲೂ ಮಣ್ಣು ಬಿಡಿಸಿದೆವು. ಹಲಸಿನಕಾಯಿಯ ಬುಡ ಸಿಗಬೇಕಾದ ಕಡೆ ಕಲ್ಲು ಅಗಲವಾಯಿತು. ಇನ್ನಷ್ಟು ಅಗೆದರೆ ಇನ್ನಷ್ಟು ಅಗಲವಾಯಿತು. ಹಾರೆ ಹಾಕಿ ಮೀಟಿದರೆ ಹಾರೆ ಬಾಗಿತು. ಮಧ್ಯಾಹ್ನದ ಹೊತ್ತಿಗೆ ನಾವು ಅಗೆದದ್ದು ಒಂದು ಬಾವಿಯಷ್ಟಾಗಿ, ಕಲ್ಲು ಒಂದು ಎಮ್ಮೆಯ ಬೆನ್ನಿನಷ್ಟು ಹೊರಗೆ ಬಂದು, ಇನ್ನೂ ಎರಡೂ ಕಡೆ ಮಣ್ಣಿನೊಳಕ್ಕೆ ಇಳಿಯುತ್ತಲೇ ಇತ್ತು.

ಇಲ್ಲೊಂದು ಉಪಕಥೆ ಇದೆ. ಗುತ್ಯಮ್ಮನ ಗದ್ದೆಗೆ ತಾಗಿ ತಿಮ್ಮಪ್ಪನ ಗದ್ದೆ; ಅವನಿಗೂ ಅವನ ಅಂಚಿನಲ್ಲಿ ಒಬ್ಬಳು ಚೌಡಿ. ಇಬ್ಬರು ಚೌಡಿಯರಲ್ಲಿ ಅಕ್ಕ ಯಾರು, ತಂಗಿ ಯಾರು, ಊರಿನ ಎಡೆ ಮೊದಲು ಯಾರಿಗೆ ಎಂಬ ವಿಷಯಕ್ಕೆ ಎರಡು ಮನೆಗಳ ನಡುವೆ ಮಾತು ನಿಂತು ಒಂದು ತಲೆಮಾರೇ ಆಗಿತ್ತು. ಈರಪ್ಪ ಕೀಳುತ್ತಾನೆಂದು ಕೇಳಿದ ತಿಮ್ಮಪ್ಪನೂ ಹಿಂದೆ ಬೀಳಬಾರದೆಂದು ತನ್ನವಳನ್ನು ಕೀಳತೊಡಗಿದ್ದ. ಅವನ ಕಲ್ಲಿಗೂ ಬುಡವಿರಲಿಲ್ಲ. ಅವನು ಕಲ್ಲಿನ ಬೆನ್ನು ಹಿಡಿದು ಈಚೆಗೆ ಅಗೆದ, ಈರಪ್ಪ ಬೆನ್ನು ಹಿಡಿದು ಆಚೆಗೆ ಅಗೆದ. ಬಿಸಿಲು ಇಳಿಯುವ ಹೊತ್ತಿಗೆ ಎರಡು ಗುಂಡಿಗಳೂ ಬದುವಿನ ಹತ್ತಿರ ಮುಖಾಮುಖಿಯಾದವು.

‘ಏ ಈರಪ್ಪ, ನಿಮ್ಮ ಚೌಡಿ ನಮ್ಮ ಜಾಗಕ್ಕೆ ಬಂದಾಳೆ, ಹಿಂದೆ ಕರ್ಕಳ!’ ಎಂದು ತಿಮ್ಮಪ್ಪ ಕೂಗಿದ.

ಈರಪ್ಪ ಬಾಯಿ ತೆರೆಯುವ ಮೊದಲೇ ಗುತ್ಯಮ್ಮ ನನ್ನ ಕಡೆ ತಿರುಗಿ, ‘ಮಾಸ್ತ್ರೇ, ಹೇಳಿ ಅವಂಗೆ, ನಿಮ್ಮೋಳೇ ಮಗ್ಗಲು ಹೊರಳಿ ನಮ್ಮ ಕಡೆ ಕಾಲು ಚಾಚಿದಾಳೆ ಅಂತ’ ಎಂದಳು. ಮಾತು ಬಿಟ್ಟವರು ಹೀಗೆ ಮೂರನೆಯವರ ಮೂಲಕವೇ ಬೈದುಕೊಳ್ಳುವುದು. ನಾನು ಹೇಳಬೇಕಾಗಿ ಬರಲಿಲ್ಲ, ಅವನಿಗೆ ಕೇಳಿಸಿತ್ತು.

ಎರಡು ಗುಂಡಿಗಳ ನಡುವೆ ಒಂದು ಗುದ್ದಲಿಕಾವಿನಷ್ಟು ಮಣ್ಣು ಉಳಿದಿತ್ತು. ಅದನ್ನು ತೆಗೆದರೆ ಇದು ಒಂದೇ ಕಲ್ಲೋ ಎರಡೋ ತಿಳಿಯುತ್ತಿತ್ತು. ಯಾರೂ ತೆಗೆಯಲಿಲ್ಲ. ತಿಮ್ಮಪ್ಪ ಗುದ್ದಲಿ ಹೆಗಲಿಗೆ ಹಾಕಿಕೊಂಡ, ಈರಪ್ಪ ಮುಖ ತೊಳೆಯಲು ಹೋದ. ಈ ಉಳಿದ ಮಣ್ಣು ನನ್ನ ಕಥೆಗೆ ಅಡ್ಡಿ. ಬೇರೆ ಯಾರಾದರೂ ಆಗಿದ್ದರೆ ಅದನ್ನು ನೆನಪಿನಲ್ಲೇ ಅಗೆದು ತೆಗೆಯುತ್ತಿದ್ದರು. ನಾನು ಬಿಟ್ಟಿದ್ದೇನೆ.

ಗುತ್ಯಮ್ಮ ಎದ್ದು ಬಂದು ಗುಂಡಿಯ ಅಂಚಿನಲ್ಲಿ ನಿಂತಳು. ಕುಂಕುಮ ಹಚ್ಚಿದ ಆ ಸಣ್ಣ ನೆತ್ತಿಯನ್ನೂ ಅದರ ಅಡಿಯಲ್ಲಿ ಹೊರಬಿದ್ದ ದೊಡ್ಡ ಮೈಯನ್ನೂ ಬಹಳ ಹೊತ್ತು ನೋಡಿದಳು. ಇಷ್ಟು ಕಾಲ ತಾನು ಬೈದದ್ದು, ಬೇಡಿದ್ದು ಇದರ ಎಷ್ಟು ಸಣ್ಣ ಭಾಗಕ್ಕೆ ಎಂದು ಯೋಚಿಸಿದಳೇನೋ. ಆಮೇಲೆ ಕೇಳಿದಳು:

‘ಇದು ಎಲ್ಲಿ ತನಕ ಹೋಗ್ತದೆ ಮಾಸ್ತ್ರೇ?’

ಈ ಸಲ ನಾನು ಅವಸರ ಮಾಡಲಿಲ್ಲ. ‘ಅಡಿಗೆ ಬಹಳ ಆಳಕ್ಕೆ ಹೋಗ್ತದೆ. ಅಗಲಕ್ಕೆ ಈ ಗುಡ್ಡದ ಅಡಿಗೆ, ಸಾಗರದ ಪೇಟೆ ಅಡಿಗೆ. ಕಲ್ಲಿನ ಜಾತಿ ಅಲ್ಲಲ್ಲಿ ಬದಲಾಗಬಹುದು. ಎಲ್ಲ ಹೊತ್ತು ನಡೆಯುವ ಹಲಗೆ ಒಂದೇ.’

‘ತೀರ್ಥಳ್ಳಿಲಿ ನಿಮ್ಮ ಅಮ್ಮ ಅಡಿಗೆ ಮಾಡ್ತಾರಲ, ಆ ಒಲೆ ಅಡಿಗೂ?’

‘ಅದರಡಿಗೂ.’

‘ಹೊಸನಗರದ ಹತ್ರ ತೋರ್ಸಿದಾರಲ, ಆ ಹಾಳು ಜಂಬಿಟ್ಟಿಗೆ ಗುಡ್ಡದ ಅಡಿಗೂ?’

‘ಅದರಡಿಗೂ.’

‘ನಡಿಯದು ಹೆಂಗೆ? ಒಂದು ಮುಂದೆ ಒಂದು ಹಿಂದೆಯಾ, ಎಲ್ಲ ಒಟ್ಟಿಗೇನಾ?’

‘ಒಟ್ಟಿಗೇ.’

‘ಹಂಗಾರೆ ನಾ ಅಲ್ಲಿದ್ರೂ ಅವ್ಳಿಗೂ ನಂಗೂ ನಡುವೆ ದೂರ ಜಾಸ್ತಿ ಆಗದಿಲ್ಲ?’

‘ಒಂದು ಉಗುರಿನಷ್ಟೂ ಆಗುವುದಿಲ್ಲ.’

‘ಆಣೆ ಹಾಕಿ.’

ದೇವರನ್ನು ಕಾಲೇಜಿನಲ್ಲೇ ಬಿಟ್ಟುಬಂದಿದ್ದ ನಾನು ಸ್ವಲ್ಪ ಹಿಂದೆಮುಂದೆ ನೋಡಿದೆ. ಆಮೇಲೆ ಗುಂಡಿಯೊಳಕ್ಕೆ ಇಳಿದು, ಅಂಗೈಯನ್ನು ಆ ಬರಿಯ ಕಲ್ಲಿನ ಮೇಲಿಟ್ಟು, ‘ಚೌಡಿಯಾಣೆ’ ಎಂದೆ. ನನ್ನ ಜೀವನದಲ್ಲಿ ಭೂವಿಜ್ಞಾನಕ್ಕೂ ದೇವರಿಗೂ ಒಂದೇ ಬಾರಿ ಪ್ರಮಾಣ ಮಾಡಿದ್ದು ಅದೊಂದೇ ಸಲ. ಎರಡರಲ್ಲಿ ಯಾವುದಕ್ಕೂ ಅಪಚಾರವಾಯಿತೆಂದು ನನಗೆ ಅನ್ನಿಸಿಲ್ಲ.

ಗುಂಡಿಗೆ ಮತ್ತೆ ಮಣ್ಣು ಎಳೆಸಿ ಆಕೆ ಹೊರಟಳು. ಹೊರಟ ರೀತಿ ಹೇಗೆಂದರೆ, ಒಲೆಗೆ ನೀರು ಹಾಕಲಿಲ್ಲ, ಹೊಸ್ತಿಲಿಗೆ ಕೈ ಮುಗಿಯಲಿಲ್ಲ, ಅಳಲಿಲ್ಲ. ಸಾಗರದ ಸಂತೆಗೆ ಹೋಗುವವಳಂತೆ ಎಲೆಯಡಿಕೆಯ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀರೆ ಒದರಿ, ಲಾರಿಯಲ್ಲಿ ಡ್ರೈವರನ ಪಕ್ಕದ ಜಾಗವೇ ಬೇಕೆಂದು ಜಗಳ ಮಾಡಿ ಹತ್ತಿದಳು. ಗಂಟುಮೂಟೆಯೆಲ್ಲ ಈರಪ್ಪನ ಜೊತೆ ಹಿಂದೆ ಇತ್ತು. ಆ ಮಳೆಗಾಲ ಕಬ್ಬಿನಸರ ಪೂರ್ತಿ ಮುಳುಗಿತು.

ಜಂಬಿಟ್ಟಿಗೆ ಗುಡ್ಡದಲ್ಲಿ ಹೊಸ ಮನೆ ಎದ್ದಿತು. ಅಲ್ಲಿನ ಚೌಡಿಗೂ ಗುತ್ಯಮ್ಮ ಕಟ್ಟಿನ ಪ್ರಕಾರ ನಡೆದುಕೊಂಡಳು. ‘ಅವ್ಳ ಕಿರುಬೆರಳು ಇದು’ ಎನ್ನುತ್ತಿದ್ದಳು. ಆದರೆ ಒಂದು ಹಟ ಹಿಡಿದಳು: ಯಾರು ಊರು ಕೇಳಿದರೂ ಕಬ್ಬಿನಸರ. ಬಸ್ಸಿನ ಕಂಡಕ್ಟರನಿಗೂ ಅದೇ, ಡಾಕ್ಟರಿಗೂ ಅದೇ, ಮನೆ ಮನೆಗೆ ಬಂದು ಹೆಸರು ಬರೆದುಕೊಳ್ಳುವವರಿಗೂ ಅದೇ. ‘ಅದು ಈಗ ಇಲ್ಲವಲ್ಲಮ್ಮ’ ಎಂದರೆ, ‘ನಿಂಗೆ ಕಾಣದಿಲ್ಲ, ಅಷ್ಟೇ’ ಎನ್ನುತ್ತಿದ್ದಳು.

ಮುಂದಿನ ಯಾವುದೋ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆಕೆ ಒಂದು ಕೋಳಿ ಹಿಡಿದುಕೊಂಡು ಹಳೆಯ ಜಾಗಕ್ಕೆ ಹೊರಟಳು. ಈರಪ್ಪ, ತಿಮ್ಮಪ್ಪ ಇಬ್ಬರೂ ಇದ್ದರು. ನಾನಿದ್ದೆನೇ? ಇದ್ದೆನೆಂದೇ ಬಹಳ ವರ್ಷ ನಂಬಿದ್ದೆ. ಆ ಹೊತ್ತಿಗೆ ನನಗೆ ತೀರ್ಥಹಳ್ಳಿಗೆ ವರ್ಗವಾಗಿತ್ತೆಂದು ಈಗ ಅನ್ನಿಸುತ್ತದೆ. ಈರಪ್ಪ ಹೇಳಿದ್ದನ್ನೇ ನಾನು ಕಂಡದ್ದಾಗಿ ಮಾಡಿಕೊಂಡಿರಬಹುದು. ಹೋಗಲಿ. ಒಣಗಿ ಸೀಳುಬಿಟ್ಟ ಕೆಸರಿನ ನಡುವೆ ಮತ್ತಿಮರದ ಬೊಡ್ಡೆ ನಿಂತಿತ್ತು. ಬದು ಇರಲಿಲ್ಲ. ನಾವು ಎಳೆದ ಮಣ್ಣೂ ಇರಲಿಲ್ಲ, ಯಾರೂ ಅಗೆಯದೆ ಬಿಟ್ಟ ಆ ಗುದ್ದಲಿಕಾವಿನಷ್ಟು ಮಣ್ಣೂ ಇರಲಿಲ್ಲ, ತೆರೆಗಳು ತೊಳೆದುಬಿಟ್ಟಿದ್ದವು. ಈರಪ್ಪನ ಅಂಚಿನಿಂದ ತಿಮ್ಮಪ್ಪನ ಅಂಚಿನ ತನಕ, ಅದರಾಚೆಗೂ, ಒಂದೇ ಕಪ್ಪು ಬೆನ್ನು ಬಿಸಿಲಿಗೆ ಮಲಗಿತ್ತು.

ಗುತ್ಯಮ್ಮ ಈ ಸಲ ಯಾರ ಮೂಲಕವೂ ಹೇಳಿಸಲಿಲ್ಲ.

‘ತಿಮ್ಮಪ್ಪ, ಈಗ ಹೇಳು, ನಿಮ್ಮೋಳು ದೊಡ್ಡೋಳಾ ನಮ್ಮೋಳು ದೊಡ್ಡೋಳಾ?’

‘ಅಳತೆ ಹಾಕಿದ್ರೆ ಆತಪ ಗುತ್ಯಕ್ಕ.’

‘ಹಾಕು. ಎಲ್ಲಿಂದ ಶುರು ಮಾಡ್ತೀಯ ನೋಡನ.’

ತಿಮ್ಮಪ್ಪ ನಕ್ಕನಂತೆ. ಕೋಳಿ ಒಂದೇ ಇದ್ದದ್ದರಿಂದ ಇಬ್ಬರು ಚೌಡಿಯರ ಹೆಸರಿನಲ್ಲೂ ಒಂದೇ ಕೊಯ್ದರಂತೆ. ಅಷ್ಟರಲ್ಲಿ ಹಿನ್ನೀರಿನ ಕಾವಲಿನವನೊಬ್ಬ ದಿಬ್ಬದ ಮೇಲಿಂದ ಕೂಗಿದ:

‘ಯಾರ್ರೀ ಅದು? ಇಲ್ಲಿ ಬರಬಾರ್ದು. ಎಲ್ಲಿಂದ ಬಂದ್ರಿ ನೀವು?’

ಗುತ್ಯಮ್ಮ ಕಲ್ಲಿನ ಮೇಲೆ ಕಾಲು ಚಾಚಿ ಕೂತೇ ಇದ್ದಳು.

‘ನಾ ಎಲ್ಲಿಂದ್ಲೂ ಬಂದಿಲ್ಲ ಮಾರಾಯ. ನೀ ಎಲ್ಲಿಂದ ಬಂದ್ಯ?’

ಈ ಮಾತಿಗೆ ನಾನು ಸಾಕ್ಷಿಯಿರಲಿಕ್ಕಿಲ್ಲ. ಆದರೆ ಆಮೇಲೆ ನನ್ನ ಎದುರಿಗೇ, ಹೊಸನಗರದ ಬಸ್ ನಿಲ್ದಾಣದಲ್ಲಿ, ಇದೇ ಮಾತನ್ನು ಇನ್ನೊಬ್ಬನಿಗೆ ಆಕೆ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಒಮ್ಮೆ ಸಿಕ್ಕ ಉತ್ತರವನ್ನು ಆಕೆ ಕಡೆಯ ತನಕ ಬಳಸಿದಳು. ಎಷ್ಟು ಬಳಸಿದರೂ ಅದು ಸವೆಯಲಿಲ್ಲ.

ಖಂಡಗಳ ಚಲನೆ ಈಗ ಪುಸ್ತಕದಲ್ಲಿದೆ, ಪರೀಕ್ಷೆಗೂ ಬರುತ್ತದೆ. ಚಿಕ್ಕ ಮಕ್ಕಳೂ ಅದನ್ನು ಬಾಯಿಪಾಠ ಹೇಳುತ್ತಾರೆ, ಯಾರೂ ನಗುವುದಿಲ್ಲ. ಎಲ್ಲರೂ ಒಪ್ಪಿದ ಮೇಲೆ ನನಗೆ ಅದರ ಮೇಲಿನ ಪ್ರೀತಿ ಸ್ವಲ್ಪ ಕಡಿಮೆಯಾಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಈಗ ನನ್ನ ಹಟವೆಲ್ಲ ಅದರ ಇನ್ನೊಂದು ಮಗ್ಗುಲಿಗೆ, ಅಂದರೆ ನಡೆಯುವ ನೆಲದ ಮೇಲೆ ಕದಲದೆ ಕೂತ ಆ ಹೆಂಗಸಿನ ಕಡೆಗೆ, ಸರಿದುಬಿಟ್ಟಿದೆ. ಉಗುರು ಬೆಳೆಯುವ ವೇಗದಲ್ಲೇ ಸರಿದಿರಬೇಕು; ನನಗೆ ಗೊತ್ತಾಗಲಿಲ್ಲ.

ಮೊನ್ನೆ ಹೆಂಡತಿ ಇಬ್ಬರು ಆಳುಗಳನ್ನು ಕರೆದುಕೊಂಡು ಬಂದು ಮೇಜಿನ ಎರಡು ತುದಿಗೆ ನಿಲ್ಲಿಸಿ, ‘ಏಳಿ, ಆಚೆ ಕೋಣೆಗೆ ಇಡಿಸ್ತೀನಿ’ ಎಂದಳು. ನಾನು ಬಗ್ಗಿ ಕಾಲಿನ ಅಡಿಯ ರಟ್ಟನ್ನು ಎಳೆದು ಹೊರಗೆ ಎಸೆದೆ. ಎರಡೂ ಮೊಣಕೈ ಊರಿ ಕೂತೆ. ಮೇಜು ಟಕ್ಕೆಂದಿತು. ಅಲುಗಾಡಲಿ. ಅದು ಅಲುಗಾಡುತ್ತದೆ, ನೆಲ ಅಲುಗಾಡುತ್ತದೆ, ನನ್ನ ಕೈಯೂ ಈಚೆಗೆ ಅಲುಗಾಡುತ್ತದೆ. ಮೂರೂ ಒಟ್ಟಿಗೇ ಉತ್ತರಕ್ಕೆ ಹೊರಟಿವೆ. ಆದರೆ ಈ ಮೇಜು ಆಚೆ ಕೋಣೆಗೆ ಹೋಗುವುದಿಲ್ಲ.